ಬೇಡನ ಭಕ್ತಿ, ಪೂಜಾರಿಯ ತಕ್ಕಡಿ

ಕಡಬ ಹೋಬಳಿಯ ಜನರಿಗೆ ತಾಲ್ಲೂಕು ಕೇಂದ್ರವಾದ ಗುಬ್ಬಿ, ನಾಡಿಗೆಲ್ಲ ಪರಿಚಯವಾದದ್ದು ನಾಟಕದಿಂದ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ದೊಡ್ಡ ಕಂಪನಿಯಾಯಿತು. ದೇವರ ಕತೆ, ಹಾಡು, ಹಾಸ್ಯ ಈ ಮೂರೂ ಕೂಡಿದರೇ ಕಂಪನಿ ನಾಟಕ. 'ಸದಾರಮೆ'ಯ ಕಳ್ಳನಾಗಿ ಜನರನ್ನು ನಗಿಸಿದ ವೀರಣ್ಣನವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಕಂಪನಿಯ ನಾಟಕವೊಂದು 1954ರಲ್ಲಿ 'ಬೇಡರ ಕಣ್ಣಪ್ಪ' ಎಂಬ ಸಿನಿಮಾ ಆಯಿತು. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಮಹಮ್ಮದ್ ಪೀರರ ಚಂದ್ರಕಲಾ ನಾಟಕ ಮಂಡಳಿಯಲ್ಲೂ ಪಳಗಿದವರು. ಕಂಪನಿಯ ಹುಡುಗ ಮುತ್ತುರಾಜ್ ಇದರಲ್ಲಿ ರಾಜ್‌ಕುಮಾರ್ ಎಂಬ ಹೆಸರಿನಿಂದ ನಾಯಕನಾದರು. ನಮ್ಮ ಜಿಲ್ಲೆಯದೇ ತಿಪಟೂರಿನ ನರಸಿಂಹರಾಜು ನಗೆಯ ಪಾಲು ವಹಿಸಿಕೊಂಡರು.

ಕತೆ ಹಳೆಯದು. ಹರಿಹರ ಕವಿ ಕಣ್ಣಪ್ಪನ ಮೇಲೆ ರಗಳೆಯನ್ನೇ ಬರೆದಿದ್ದಾನೆ. ಓದು ಬರಹವಿಲ್ಲದ ಬೇಡ ಬಾಯಲ್ಲಿ ನೀರು ತಂದು ಲಿಂಗಕ್ಕೆ ಅಭಿಷೇಕ ಮಾಡುತ್ತಾನೆ, ಮಾಂಸವನ್ನು ಎಡೆಯಿಡುತ್ತಾನೆ. ಲಿಂಗದ ಕಣ್ಣಲ್ಲಿ ರಕ್ತ ಸುರಿದಾಗ ತನ್ನ ಕಣ್ಣನ್ನೇ ಕಿತ್ತು ಕೊಡುತ್ತಾನೆ. ಸಿನಿಮಾದಲ್ಲಿ ಅವನಿಗೆ ಕಾಡಿಗಿಂತ ದೊಡ್ಡ ಕಷ್ಟ ಗುಡಿಯಲ್ಲೇ ಕಾದಿದೆ. ಗುಡಿಯ ಕಪಟಿ ಪೂಜಾರಿ ಅವನ ಮೇಲೆ ಕಳ್ಳತನದ ಆರೋಪ ಹೊರಿಸುತ್ತಾನೆ. ಮಂತ್ರ ಬಲ್ಲವನು ಸುಳ್ಳಾಡುತ್ತಾನೆ, ಮಂತ್ರ ಬಾರದವನು ಮುಕ್ತಿ ಪಡೆಯುತ್ತಾನೆ.

ಹಾಸ್ಯದ ಕೆಲಸ ಇರುವುದು ಇಲ್ಲೇ. ಜನ ನಗುವುದು ದೇವರನ್ನು ನೋಡಿ ಅಲ್ಲ, ದೇವರ ಹೆಸರಿನಲ್ಲಿ ಠೀವಿ ತೋರುವವರನ್ನು ನೋಡಿ. ಭಕ್ತಿಗೂ ಭಕ್ತಿಯ ಗುತ್ತಿಗೆದಾರಿಕೆಗೂ ಇರುವ ಅಂತರವನ್ನು ಉಪದೇಶಕ್ಕಿಂತ ನಗು ಬೇಗ ತೋರಿಸುತ್ತದೆ. ಹಾಗೆ ನಕ್ಕವರೇ ಕೊನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಮುಸ್ಲಿಂ ಓದುಗರಿಗೆ ಇದು ಹೊಸ ಮಾತಲ್ಲ. ಮೌಲಾನಾ ರೂಮಿಯ 'ಮಸ್ನವಿ'ಯಲ್ಲೊಬ್ಬ ಕುರಿಗಾಹಿ ಬರುತ್ತಾನೆ. ದೇವರ ತಲೆ ಬಾಚುತ್ತೇನೆ, ಚಪ್ಪಲಿ ಹೊಲಿಯುತ್ತೇನೆ ಎಂದು ಅವನ ಪ್ರಾರ್ಥನೆ. ಹಜರತ್ ಮೂಸಾ ಅವನನ್ನು ಗದರಿಸುತ್ತಾರೆ. ಆಗ ದೇವರು ಮೂಸಾರನ್ನೇ ಪ್ರಶ್ನಿಸುತ್ತಾನೆ: ನನ್ನ ದಾಸನನ್ನು ನನ್ನಿಂದ ಅಗಲಿಸಿದೆಯೇಕೆ? ಕುರಿಗಾಹಿಗೂ ಕಣ್ಣಪ್ಪನಿಗೂ ಇದ್ದ ಬಂಡವಾಳ ಒಂದೇ, ಶುದ್ಧವಾದ ನಿಯ್ಯತ್ತು. ಇಬ್ಬರ ದಾರಿಯೂ ಬೇರೆ, ಅವರನ್ನು ತಡೆದ ಅಹಂಕಾರ ಮಾತ್ರ ಒಂದೇ.

ಇನ್ನೊಬ್ಬರ ಉಡುಗೆ, ಊಟ, ಉಚ್ಚಾರಣೆ ನೋಡಿ ಅವರ ಈಮಾನನ್ನೋ ಭಕ್ತಿಯನ್ನೋ ತೂಗುವ ತಕ್ಕಡಿಗಳು ಈಗ ಎಲ್ಲ ಧರ್ಮದವರ ಅಂಗಡಿಯಲ್ಲೂ ಇವೆ. ಗುಬ್ಬಿಯ ಕಂಪನಿ ಟಿಕೆಟ್ಟು ಕೊಂಡು ಬಂದ ಎಲ್ಲ ಜಾತಿಯವರನ್ನೂ ಒಂದೇ ಪರದೆಯ ಮುಂದೆ ಕೂರಿಸಿ ಈ ತಕ್ಕಡಿಯನ್ನು ನೋಡಿ ನಗುವುದನ್ನು ಕಲಿಸಿತ್ತು. ಆ ಪಾಠವನ್ನು ನಾವು ಮರೆಯಬಾರದು.