ಗಳಗಂಡ

ಕಂಠದ ಮುಂಭಾಗದಲ್ಲಿ, ಬಹುಧಾ ನೋವಿಲ್ಲದೆ, ಮೆಲ್ಲಮೆಲ್ಲನೆ ಬೆಳೆದು ಜೋತುಬೀಳುವ ಊತಕ್ಕೆ ನಮ್ಮ ವೈದ್ಯಪರಂಪರೆಯು ಇತ್ತ ಹೆಸರು ಗಳಗಂಡ. ಗಳವೆಂದರೆ ಕೊರಳು, ಗಂಡವೆಂದರೆ ಬಾವು. ಪತಿವಾಚಕವಾದ ಅಚ್ಚಗನ್ನಡದ ಗಂಡ ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಇದರ ಲಕ್ಷಣಗಳು ಉಕ್ತವಾಗಿವೆ. ಗಂಟುಗಳು ಸಾಲುಗೊಂಡೇಳುವ ಗಂಡಮಾಲೆಯು ಬೇರೆಯದೇ ವ್ಯಾಧಿ. ಎರಡನ್ನೂ ಒಂದೆಂದು ಬಳಸುವುದು ತಪ್ಪು.

ಗಳಗಂಡದಲ್ಲಿ ಊದಿಕೊಳ್ಳುವುದು ಕೊರಳಿನ ಥೈರಾಯ್ಡ್ ಗ್ರಂಥಿ. ಆ ಗ್ರಂಥಿಯಲ್ಲಿ ಅಯೋಡೀನ್ ಉಂಟೆಂದು 1895ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಬೌಮನ್ನನು ಕಂಡುಹಿಡಿದನು. ಬಳಿಕ ನಮ್ಮಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಕೈಗೊಂಡ ದೀರ್ಘ ಅಧ್ಯಯನವು, ಅಯೋಡೀನ್ ಬೆರೆಸಿದ ಉಪ್ಪಿನಿಂದ ಗಳಗಂಡವು ತಗ್ಗುವುದೆಂಬುದನ್ನು ನಿಸ್ಸಂದೇಹವಾಗಿ ಸ್ಥಾಪಿಸಿತು. ಭಾರತೀಯ ಸಂಶೋಧನೆಯ ಅತ್ಯಂತ ಲೋಕೋಪಕಾರಿ ಫಲಗಳಲ್ಲಿ ಇದೊಂದೆಂದು ನಾನು ಬಗೆಯುತ್ತೇನೆ.

ಉತ್ತರ ಕನ್ನಡ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟೆಗಳ ಜನರು ಕಡಲ ಮೀನನ್ನುಂಡು, ಅಘನಾಶಿನಿಯ ಅಳಿವೆಯ ಸಾಣಿಕಟ್ಟೆಯಲ್ಲಿ ಬಿಸಿಲಿಗೆ ಬೆಳೆವ ಉಪ್ಪನ್ನು ಕಂಡು ಬೆಳೆದವರಾದುದರಿಂದ, ಕಡಲುಪ್ಪಿನಲ್ಲಿಯೇ ಅಯೋಡೀನ್ ಸಾಕಷ್ಟಿರಬೇಕೆಂದು ಭಾವಿಸುವುದು ಸಹಜ. ಆದರೆ ಅಯೋಡೀನ್ ಬೆರೆಸದ ಕಡಲುಪ್ಪಿನಲ್ಲಿ ಅದು ಅತ್ಯಲ್ಪ. ಅಲ್ಲದೆ, ಎಲ್ಲ ಗಳಗಂಡಗಳೂ ಅಯೋಡೀನಿನ ಕೊರತೆಯಿಂದಲೇ ಹುಟ್ಟುವವಲ್ಲ. ಕೊರಳಲ್ಲಿ ಊತವನ್ನು ಕಂಡವರು ಲೇಪನಗಳಲ್ಲಿ ಕಾಲ ಕಳೆಯದೆ, ವೈದ್ಯರನ್ನು ಕಂಡು ರಕ್ತದ ಟಿ.ಎಸ್.ಎಚ್. (ಥೈರಾಯ್ಡ್ ಪ್ರಚೋದಕ ಹಾರ್ಮೋನು) ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು.