ರೋಗಿಯ ಕೈಗೆ ಬಂದ ರಕ್ತಪರೀಕ್ಷೆ

ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡಿಕೊಳ್ಳುವುದು ಇಂದು ಎಷ್ಟೋ ಮನೆಗಳಲ್ಲಿ ದಿನಚರಿಯ ಭಾಗ. ಗ್ಲೂಕೋಮೀಟರ್ ಯಾವ ಔಷಧಿ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ 1970ರ ಸುಮಾರಿಗೆ ಅಮೆರಿಕದಲ್ಲಿಯೂ ರೋಗಿಗೆ ಅದನ್ನು ಮಾರುತ್ತಿರಲಿಲ್ಲ. ಅದು ವೈದ್ಯರ ಸಾಧನ. ವೈದ್ಯರ ಮೇಜಿನಿಂದ ಅದು ರೋಗಿಯ ಮನೆಗೆ ಬಂದ ಕಥೆ ಸ್ವಾರಸ್ಯಕರವಾಗಿದೆ.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. ಮರುವರ್ಷ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಅದರ ಚುಚ್ಚುಮದ್ದು ನೀಡಲಾಯಿತು. ಅಲ್ಲಿಯವರೆಗೆ ಮಕ್ಕಳ ಮಧುಮೇಹವೆಂದರೆ ಸಾವು ಎಂದೇ ಅರ್ಥ. ಇನ್ಸುಲಿನ್ ಜೀವ ಉಳಿಸಿತು. ಆದರೆ ಅದು ಪ್ರತಿದಿನವೂ ಬೇಕು. ದಿನವೂ ವೈದ್ಯರ ಬಳಿ ಹೋಗುವುದಾದರೂ ಹೇಗೆ? ಹೀಗಾಗಿ ರೋಗಿಗಳೇ ಸೂಜಿ ಹಿಡಿಯಲು ಕಲಿತರು.

ಸೂಜಿಯೇನೋ ಮನೆಗೆ ಬಂತು; ಅಳತೆ ಬರಲಿಲ್ಲ. ಮನೆಯಲ್ಲಿ ಸಾಧ್ಯವಿದ್ದದ್ದು ಮೂತ್ರಪರೀಕ್ಷೆ ಮಾತ್ರ. ಬೆನೆಡಿಕ್ಟ್ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕುದಿಸಬೇಕು. ನೀಲಿ ಬಣ್ಣ ಹಾಗೆಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿಗೆ ತಿರುಗಿ ಇಟ್ಟಿಗೆ ಕೆಂಪಾದರೆ ವಿಪರೀತ. 1941ರಲ್ಲಿ ಬಂದ ಕ್ಲಿನಿಟೆಸ್ಟ್ ಮಾತ್ರೆ ಕುದಿಸುವ ಕಷ್ಟ ತಪ್ಪಿಸಿತು. ಆದರೂ ಮೂಲ ದೋಷ ಉಳಿದೇ ಇತ್ತು. ರಕ್ತದಲ್ಲಿ ಸಕ್ಕರೆ ಸಾಮಾನ್ಯವಾಗಿ 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಅದು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಅಪಾಯಕರವಾಗಿ ಇಳಿದರೆ ಈ ಪರೀಕ್ಷೆಯಿಂದ ಗೊತ್ತೇ ಆಗುವುದಿಲ್ಲ. ಹೀಗೆ ಇಳಿದಾಗ ರೋಗಿ ಪ್ರಜ್ಞೆ ತಪ್ಪಬಹುದು.

ಎಂಜಿನಿಯರ್ ಹಿಡಿದ ಹಟ

ನ್ಯೂಯಾರ್ಕಿನ ರಿಚರ್ಡ್ ಬರ್ನ್‌ಸ್ಟೀನ್ 12ನೇ ವಯಸ್ಸಿನಲ್ಲಿ, ಅಂದರೆ 1946ರಲ್ಲಿ, ಮಧುಮೇಹಕ್ಕೆ ತುತ್ತಾದವರು. ವೃತ್ತಿಯಿಂದ ಎಂಜಿನಿಯರ್. ವೈದ್ಯರು ಹೇಳಿದಂತೆಯೇ ನಡೆದುಕೊಂಡರೂ ಮೂವತ್ತು ದಾಟುವ ಹೊತ್ತಿಗೆ ಮೂತ್ರಪಿಂಡ ಹದಗೆಡತೊಡಗಿತ್ತು. 1969ರಲ್ಲಿ ಅವರು ಒಂದು ಜಾಹೀರಾತು ನೋಡಿದರು. ಏಮ್ಸ್ ಕಂಪೆನಿಯ ಹೊಸ ಯಂತ್ರವೊಂದು ಒಂದು ಹನಿ ರಕ್ತದಿಂದ ಒಂದೇ ನಿಮಿಷದಲ್ಲಿ ಸಕ್ಕರೆಯ ಪ್ರಮಾಣ ಹೇಳುತ್ತದೆ. ರಾತ್ರಿ ಆಸ್ಪತ್ರೆಗೆ ತಂದ ವ್ಯಕ್ತಿ ಕುಡಿದು ಬಿದ್ದವನೋ, ಮಧುಮೇಹದಿಂದ ಎಚ್ಚರ ತಪ್ಪಿದವನೋ ಎಂದು ತಿಳಿಯಲು ಮಾಡಿದ ಯಂತ್ರ ಅದು. ತೂಕ 3 ಪೌಂಡ್, ಬೆಲೆ 650 ಡಾಲರ್.

ವೈದ್ಯರಲ್ಲದವರಿಗೆ ಮಾರುವುದಿಲ್ಲ ಎಂದಿತು ಕಂಪೆನಿ. ಬರ್ನ್‌ಸ್ಟೀನ್ ಅವರ ಪತ್ನಿ ವೈದ್ಯೆ. ಯಂತ್ರವನ್ನು ಅವರ ಹೆಸರಿನಲ್ಲಿ ತರಿಸಲಾಯಿತು! ದಿನಕ್ಕೆ ಐದಾರು ಬಾರಿ ಅಳೆದಾಗ ಸಕ್ಕರೆ 40ಕ್ಕಿಂತ ಕೆಳಗಿಳಿದು 400 ದಾಟುತ್ತಿರುವುದು ಕಂಡುಬಂತು. ಇನ್ಸುಲಿನ್ನನ್ನು ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಹಂಚಿ, ಊಟ ಬದಲಿಸಿ, ಅವರು ಏರಿಳಿತವನ್ನು ಹತೋಟಿಗೆ ತಂದರು. ಈ ಅನುಭವವನ್ನು ಬರೆದು ಕಳಿಸಿದರೆ ವೈದ್ಯಕೀಯ ಪತ್ರಿಕೆಗಳು ಪ್ರಕಟಿಸಲಿಲ್ಲ. ವೈದ್ಯನಲ್ಲದವನ ಮಾತಿಗೆ ಬೆಲೆ ಇಲ್ಲವೆಂದರೆ ವೈದ್ಯನೇ ಆಗುವುದು ಎಂದು ನಿರ್ಧರಿಸಿ, 1979ರಲ್ಲಿ, 45ನೇ ವಯಸ್ಸಿನಲ್ಲಿ, ಅವರು ವೈದ್ಯಕೀಯ ಕಾಲೇಜು ಸೇರಿದರು. 2025ರಲ್ಲಿ ನಿಧನರಾದಾಗ ಅವರಿಗೆ 90 ವರ್ಷ. ಅವರ ಆಹಾರ ಪದ್ಧತಿಯ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ರೋಗಿಯೇ ಅಳೆದುಕೊಳ್ಳಬೇಕೆಂಬ ಅವರ ವಾದ ನಿಂತಿತು.

1978ರಲ್ಲಿ ಬ್ರಿಟನ್ನಿನ ಎರಡು ವೈದ್ಯ ತಂಡಗಳು ರೋಗಿಗಳು ಮನೆಯಲ್ಲೇ ರಕ್ತ ಪರೀಕ್ಷಿಸಿಕೊಳ್ಳಬಲ್ಲರು ಎಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದವು. ಅಮೆರಿಕ, ಕೆನಡಾಗಳ 1,441 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 1993ರಲ್ಲಿ ಹೊರಬಿತ್ತು. ದಿನಕ್ಕೆ ನಾಲ್ಕು ಬಾರಿಯಾದರೂ ಅಳೆದು ಇನ್ಸುಲಿನ್ ಹೊಂದಿಸಿಕೊಂಡವರಲ್ಲಿ ಕಣ್ಣಿನ ತೊಂದರೆಯ ಸಂಭವ ಶೇ 76ರಷ್ಟು ಕಡಿಮೆಯಾಗಿತ್ತು. ಜೊತೆಗೇ ಒಂದು ಎಚ್ಚರಿಕೆಯೂ ಇತ್ತು: ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಸಂಗ ಅವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು.

ಭಾರತದಲ್ಲಿ ಮಧುಮೇಹಿಗಳು 10.1 ಕೋಟಿ ಎನ್ನುತ್ತದೆ 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ. ಎಲ್ಲರೂ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳಬೇಕಿಲ್ಲ. ಎಷ್ಟು ಸಲ ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ವೈದ್ಯರು ರೋಗಿಯನ್ನು ನೋಡುವುದು ತಿಂಗಳಿಗೋ ಮೂರು ತಿಂಗಳಿಗೋ ಕೆಲವು ನಿಮಿಷ. ಉಳಿದ ದಿನಗಳ ಲೆಕ್ಕ ರೋಗಿಯ ಬಳಿ ಇದ್ದರೆ ಆ ಕೆಲವು ನಿಮಿಷ ಸಾರ್ಥಕ. ಇಲ್ಲವಾದರೆ ಇಬ್ಬರದೂ ಅಂದಾಜು ಮಾತ್ರ.