ಊರಿಗೆ ಹೋಗುವಾಗ ಮೊಲಕ್ಕೆ ನಾಲ್ಕು ಕ್ಯಾರೆಟ್ ಇಟ್ಟು ಹೋದರೆ ಸಾಕೇ?

ದಸರಾ ರಜೆ, ಊರ ಜಾತ್ರೆ ಅಥವಾ ನೆಂಟರ ಮದುವೆ ಬಂತೆಂದರೆ ಮೊಲ ಸಾಕಿದವರ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇದನ್ನು ಏನು ಮಾಡುವುದು? "ಮೊಲ ಗಲಾಟೆ ಮಾಡುವ ಪ್ರಾಣಿಯಲ್ಲ. ನಾಲ್ಕು ಕ್ಯಾರೆಟ್ ಹಾಕಿ ಹೋಗಿ, ಎರಡು ದಿನ ಇರುತ್ತದೆ. ನೀರೂ ಬೇಕಿಲ್ಲ" ಎನ್ನುವವರಿದ್ದಾರೆ. ಇದು ನಿಜವೇ?

ಚುಟುಕಾಗಿ ಹೇಳುವುದಾದರೆ: ನಿಜವಲ್ಲ. ಮೊಲ ಸುಮಾರು 12 ಗಂಟೆ ಏನೂ ತಿನ್ನದಿದ್ದರೆ ಅದು ತುರ್ತು ಪರಿಸ್ಥಿತಿ. ಹಾಗಾಗಿ ದಿನಕ್ಕೆ ಕನಿಷ್ಠ ಎರಡು ಬಾರಿ ಯಾರಾದರೂ ಅದನ್ನು ನೋಡಲೇಬೇಕು.

ಮೊಲ ಉಪವಾಸ ಇರಲಾರದು ಏಕೆ?

ಮೊಲದ ಕರುಳು ಸದಾ ಚಲಿಸುತ್ತಿರಬೇಕು. ಆ ಚಲನೆಗೆ ಬೇಕಾದದ್ದು ನಾರು. ಕಾಡಿನಲ್ಲಾಗಲಿ ಮನೆಯಲ್ಲಾಗಲಿ ಮೊಲ ದಿನದ ಹೆಚ್ಚು ಹೊತ್ತು ಹುಲ್ಲು ಮೇಯುವುದು ಇದಕ್ಕಾಗಿಯೇ. ಹುಲ್ಲು ನಿಂತರೆ ಕರುಳಿನ ಚಲನೆ ನಿಧಾನವಾಗುತ್ತದೆ, ಒಳಗೆ ಗಾಳಿ ತುಂಬುತ್ತದೆ. ನೋವಿನಿಂದ ಮೊಲ ಮತ್ತೆ ತಿನ್ನುವುದಿಲ್ಲ. ತಿನ್ನದ ಕಾರಣ ಕರುಳು ಇನ್ನಷ್ಟು ನಿಲ್ಲುತ್ತದೆ. ಚಿಕಿತ್ಸೆ ಸಿಗದಿದ್ದರೆ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು.

ಕ್ಯಾರೆಟ್‌ನಲ್ಲಿ ಸಕ್ಕರೆ ಹೆಚ್ಚು, ಹುಲ್ಲಿನಷ್ಟು ನಾರಿಲ್ಲ. ಅಪರೂಪಕ್ಕೆ ಸಣ್ಣ ತುಂಡು ಸರಿ, ಅದೇ ಊಟವಾಗಬಾರದು.

ನೀರು ಕುಡಿದರೆ ಮೊಲ ಸಾಯುತ್ತದೆಯೇ?

ಇಲ್ಲ. ಮೊಲಕ್ಕೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 50ರಿಂದ 150 ಮಿಲಿ ನೀರು ಬೇಕು. ಅಂದರೆ 2 ಕಿಲೋ ಮೊಲಕ್ಕೆ 100ರಿಂದ 300 ಮಿಲಿ. ಬೇಡವಾದದ್ದು ಸ್ನಾನ ಮಾತ್ರ. ಒದ್ದೆಯಾದ ಮೊಲ ಚಳಿಗೂ ಭಯಕ್ಕೂ ಕುಸಿದುಬೀಳಬಹುದು.

ಮನೆಯಲ್ಲೇ ಬಿಟ್ಟು ಹೋಗುವುದಾದರೆ

ಸಾಧ್ಯವಿದ್ದರೆ ಇದೇ ಉತ್ತಮ. ಹೊಸ ಜಾಗ, ಹೊಸ ವಾಸನೆ ಮೊಲವನ್ನು ಹೆದರಿಸುತ್ತವೆ. ಹೆದರಿದ ಮೊಲ ತಿನ್ನುವುದನ್ನು ಬಿಡುತ್ತದೆ. ನೋಡಿಕೊಳ್ಳುವವರಿಗೆ ಇಷ್ಟು ಹೇಳಿಹೋಗಿ:

• ಒಣಹುಲ್ಲು ಯಾವ ಹೊತ್ತಿನಲ್ಲೂ ಖಾಲಿಯಾಗಬಾರದು. ಔಷಧಿ ಸಿಂಪಡಿಸದ ಜಾಗದ ಗರಿಕೆಯನ್ನೂ ಕೊಡಬಹುದು. ಹೊಸ ಬಗೆಯ ಆಹಾರವನ್ನು ಆ ದಿನಗಳಲ್ಲಿ ಶುರುಮಾಡಬೇಡಿ.
• ಬಾಟಲಿಯ ಜೊತೆ ಭಾರವಾದ ಬಟ್ಟಲಲ್ಲೂ ನೀರಿಡಿ. ಬಾಟಲಿಯ ನಳಿಕೆ ಕಟ್ಟಿಕೊಳ್ಳುವುದುಂಟು.
• ಪ್ರತಿ ಸಲ ಹಿಕ್ಕೆ ನೋಡಿ. ದುಂಡಗೆ, ಒಣಗಿ, ಸಾಕಷ್ಟು ಬಿದ್ದಿದ್ದರೆ ಮೊಲ ಚೆನ್ನಾಗಿದೆ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಿನ್ನುವುದು ಸಹಜ, ಅದರಿಂದ ಪೋಷಕಾಂಶ ಸಿಗುತ್ತದೆ.
• ಬಾಲದ ಕೆಳಗೆ ಒದ್ದೆಯಿದೆಯೇ ನೋಡಿ. ಸೆಕೆಗಾಲದಲ್ಲಿ ನೊಣ ಅಲ್ಲಿ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗಬಹುದು.
• ಕಿವಿ ಹಿಡಿದು ಎತ್ತಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆಯಾಗಿರಲಿ.
• ಮನುಷ್ಯರ ಅಥವಾ ನಾಯಿಯ ಔಷಧಿ ಕೊಡಬೇಡಿ. ಅಮಾಕ್ಸಿಸಿಲಿನ್ ನುಂಗಿಸಿದರೆ ಮೊಲ ಸಾಯಬಹುದು. ನಾಯಿಗಳ ಉಣ್ಣೆಗೆ ಹಚ್ಚುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ.

ಬೇರೆಯವರ ಮನೆಯಲ್ಲೋ ಬೋರ್ಡಿಂಗ್‌ನಲ್ಲೋ ಬಿಡುವುದಾದರೆ, ನಾಯಿ ಬೆಕ್ಕುಗಳು ಕಾಣದ, ಅವುಗಳ ಸದ್ದು ಕೇಳದ ಜಾಗವಿದೆಯೇ ಎಂದು ಮೊದಲೇ ನೋಡಿ. ಜೋಡಿ ಮೊಲಗಳಿದ್ದರೆ ಬೇರ್ಪಡಿಸಬೇಡಿ.

ಜೊತೆಗೆ ಕರೆದೊಯ್ಯುವುದಾದರೆ

ನಾಯಿಗಳನ್ನು ಪ್ರಯಾಣಕ್ಕೆ ಮುನ್ನ ಖಾಲಿ ಹೊಟ್ಟೆಯಲ್ಲಿಡುವ ರೂಢಿಯಿದೆ. ಮೊಲಕ್ಕೆ ಹಾಗೆ ಮಾಡಬಾರದು. ಮೊಲ ವಾಂತಿ ಮಾಡಲಾರದು, ಆದ್ದರಿಂದ ಉಪವಾಸದಿಂದ ಲಾಭವಿಲ್ಲ, ಅಪಾಯವೇ ಹೆಚ್ಚು. ಪೆಟ್ಟಿಗೆಯಲ್ಲಿ ಹುಲ್ಲು ತುಂಬಿರಲಿ, ಆಗಾಗ ನಿಲ್ಲಿಸಿ ನೀರು ಕೊಡಿ.

ಗಾಳಿಯಾಡುವ ಗಟ್ಟಿ ಪೆಟ್ಟಿಗೆ ಬೇಕು. ಕಾಲು ಜಾರದಂತೆ ಒಳಗೆ ಟವೆಲ್ ಹಾಸಿ. ಕಾರಿನಲ್ಲಿ ಮುಂದಿನ ಸೀಟಿನ ಹಿಂದೆ, ನೆಲದ ಮೇಲಿಡುವುದು ಸುರಕ್ಷಿತ. ಡಿಕ್ಕಿಯಲ್ಲಿ ಎಂದೂ ಬೇಡ. ಬಸ್ಸು, ರೈಲು, ವಿಮಾನದಲ್ಲಿ ಹೋಗುವುದಾದರೆ ಟಿಕೆಟ್ ತೆಗೆಯುವ ಮೊದಲೇ ನಿಯಮ ವಿಚಾರಿಸಿ. ನಿದ್ದೆ ಮಾತ್ರೆಯನ್ನು ಪಶುವೈದ್ಯರು ಹೇಳದೆ ಕೊಡಬೇಡಿ.

ದೊಡ್ಡ ಅಪಾಯ ಬಿಸಿಲು. ಮೊಲ ನಮ್ಮಂತೆ ಬೆವರುವುದಿಲ್ಲ. ಮೈಯ ಬಿಸಿಯನ್ನು ಹೆಚ್ಚಾಗಿ ಕಿವಿಗಳ ಮೂಲಕವೇ ಹೊರಹಾಕಬೇಕು. ತಾಪಮಾನ 30 ಡಿಗ್ರಿ ಸಮೀಪಿಸಿದರೆ ಅದಕ್ಕೆ ಕಷ್ಟ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ 40 ದಾಟುತ್ತದೆ. ಅಂಥ ದಿನಗಳಲ್ಲಿ ಬೆಳಗಿನ ಜಾವ ಹೊರಡಿ. ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷವೂ ಬಿಡಬೇಡಿ. ಮೊಲ ಬಾಯಿ ತೆರೆದು ಉಸಿರಾಡುತ್ತಿದ್ದರೆ ನೆರಳಿಗೆ ತಂದು, ಕಿವಿಗೆ ತಣ್ಣೀರು ಸವರಿ, ವೈದ್ಯರ ಬಳಿಗೆ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ.

ತಕ್ಷಣ ಪಶುವೈದ್ಯರನ್ನು ಕಾಣಬೇಕಾದ ಲಕ್ಷಣಗಳು

ತಿನ್ನದಿರುವುದು, ಹಿಕ್ಕೆ ನಿಲ್ಲುವುದು ಅಥವಾ ತೀರಾ ಚಿಕ್ಕದಾಗುವುದು, ಮೈ ಮುದುಡಿ ಮೂಲೆ ಸೇರುವುದು, ನೋವಿನಿಂದ ಹಲ್ಲು ಕಡಿಯುವುದು. "ನಾಳೆ ನೋಡೋಣ" ಎಂದು ಕಾಯಬೇಡಿ. ಮೊಲಕ್ಕೆ ಚಿಕಿತ್ಸೆ ಕೊಡುವ ವೈದ್ಯರು ಎಲ್ಲೆಡೆ ಸಿಗುವುದಿಲ್ಲ. ಅವರ ನಂಬರನ್ನು ಹೊರಡುವ ಮೊದಲೇ ಹುಡುಕಿ, ನೋಡಿಕೊಳ್ಳುವವರ ಮೊಬೈಲ್‌ನಲ್ಲಿ ಸೇವ್ ಮಾಡಿಸಿ.

ಹಂಚಿಕೊಳ್ಳುವ ಮುನ್ನ ನೆನಪಿಡಿ: ಮೊಲಕ್ಕೆ ಬೇಕಾದದ್ದು ಸದಾ ಹುಲ್ಲು, ಸದಾ ನೀರು, ತಂಪು ಜಾಗ, ದಿನಕ್ಕೆ ಎರಡು ಬಾರಿ ನೋಡುವ ಕಣ್ಣು. ಕ್ಯಾರೆಟ್ ಇಟ್ಟು ಬೀಗ ಹಾಕಿ ಹೋಗುವಂತಿಲ್ಲ.